ಪದಪಟ್ಟಿಯ ಆಚೆಗಿನ ಇಂಗ್ಲಿಷ್: ಸಾಲಪತ್ರದಿಂದ ಡೀಮ್ಡ್ ಫಾರೆಸ್ಟ್‌ವರೆಗೆ

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಶಿವಮೊಗ್ಗ

ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ ಪರೀಕ್ಷೆ ಎಂದು ಓದುತ್ತಿರುವ ಹುಡುಗ ಹುಡುಗಿಯರು ನನ್ನ ಬಳಿ ತರುವ ಇಂಗ್ಲಿಷ್ ಪದಪಟ್ಟಿಗಳೆಲ್ಲ ಒಂದೇ ಬಗೆಯವು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಒಂದೇ ಒಂದು ಕನ್ನಡ ಪದ. ಅದನ್ನು ಉರು ಹೊಡೆದವರು ಪಟ್ಟಿ ಕೇಳಿದರೆ ತಪ್ಪಿಲ್ಲದೆ ಒಪ್ಪಿಸುತ್ತಾರೆ, ಅದೇ ಪದವನ್ನು ವಾಕ್ಯದಲ್ಲಿಟ್ಟು ಕೊಟ್ಟರೆ ತಡವರಿಸುತ್ತಾರೆ. ಈ ಚರ್ಚೆಯಲ್ಲಿ ಪದವನ್ನು ಅದು ಬಳಕೆಯಾಗುವ ಜಾಗದಲ್ಲಿಟ್ಟು ನೋಡೋಣ ಎಂಬುದು ನನ್ನ ಕೋರಿಕೆ. ಪದ ಯಾವುದು, ಅದನ್ನು ಯಾರು ಯಾವ ಕಾಗದದಲ್ಲಿ ಬರೆಯುತ್ತಾರೆ, ಅಲ್ಲಿ ಅದು ಏನು ಕೆಲಸ ಮಾಡುತ್ತದೆ ಎಂಬಷ್ಟನ್ನು ದಯವಿಟ್ಟು ಬರೆಯಿರಿ.

‘ಸ್ಯಾಂಕ್ಷನ್’ನಿಂದ ಶುರು ಮಾಡುತ್ತೇನೆ. ‘ಲೋನ್ ಸ್ಯಾಂಕ್ಷನ್ ಆಯಿತು’ ಎಂದು ಮಂಡಿಯಲ್ಲಿಯೂ ಹೇಳುತ್ತಾರೆ, ಪಂಚಾಯಿತಿ ಕಟ್ಟೆಯ ಮೇಲೆಯೂ ಹೇಳುತ್ತಾರೆ. ಆದ್ದರಿಂದ ಪಟ್ಟಿಯಲ್ಲಿ ‘ಮಂಜೂರಾತಿ’ ಎಂದು ಕಂಡರೆ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಆದರೆ ಪತ್ರಿಕೆಯ ವಿದೇಶ ಸುದ್ದಿಯಲ್ಲಿ ಒಂದು ದೇಶದ ಮೇಲೆ ಇನ್ನೊಂದು ದೇಶ ‘ಸ್ಯಾಂಕ್ಷನ್ಸ್’ ಹೇರಿತು ಎಂದಾಗ ಅದು ಮಂಜೂರಾತಿಯಲ್ಲ, ನಿರ್ಬಂಧ. ಎರಡೂ ಅರ್ಥಗಳು ಒಂದೇ ಲ್ಯಾಟಿನ್ ಬೇರಿನಿಂದ ಬಂದವು. ಒಂದು ವಿಷಯವನ್ನು ಕಟ್ಟಳೆಯಿಂದ ಭದ್ರಪಡಿಸುವುದು ಆ ಬೇರಿನ ಅರ್ಥ. ಭದ್ರಪಡಿಸಲು ಒಪ್ಪಿಗೆಯೂ ಬೇಕು, ಮೀರಿದವರಿಗೆ ಶಿಕ್ಷೆಯೂ ಬೇಕು. ಕ್ರಿಯಾಪದವಾಗಿ ಬಂದಾಗ ಬಹುಪಾಲು ಒಪ್ಪಿಗೆ, ಬಹುವಚನದ ನಾಮಪದವಾಗಿ ಬಂದಾಗ ಬಹುಪಾಲು ನಿರ್ಬಂಧ ಎಂಬ ಸೂತ್ರ ಪರೀಕ್ಷೆಗೆ ಸಾಕಾಗುತ್ತದೆ, ಆದರೆ ಎಲ್ಲ ಕಡೆಯೂ ನಡೆಯುವುದಿಲ್ಲ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಮಿನಂತೆ ಸರ್ಕಾರಿ ನೌಕರನ ಮೇಲಿನ ಲಂಚದ ಪ್ರಕರಣವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳುವ ಮೊದಲು ಸಕ್ಷಮ ಪ್ರಾಧಿಕಾರದ ‘ಸ್ಯಾಂಕ್ಷನ್’ ಇರಬೇಕು. ‘ಅಧಿಕಾರಿಯ ವಿರುದ್ಧ ಸ್ಯಾಂಕ್ಷನ್’ ಎಂಬ ತಲೆಬರಹವನ್ನು ಓದಿದವರು ಶಿಕ್ಷೆಯಾಯಿತು ಎಂದುಕೊಂಡರೆ, ಅಲ್ಲಿ ಆಗಿರುವುದು ವಿಚಾರಣೆಗೆ ಅನುಮತಿ ಮಾತ್ರ.

ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಮೇಷ್ಟ್ರೇ, ನನ್ನ ಸಮಸ್ಯೆಯನ್ನೇ ತಂದಿದ್ದೇನೆ. ತೋಟದ ಮೇಲೆ ಒಂದು ಸಾಲ, ಗೋದಾಮಿನಲ್ಲಿಟ್ಟ ಅಡಿಕೆ ಮೂಟೆಗಳ ಮೇಲೆ ಒಂದು ಸಾಲ, ಪಿಕಪ್ ಗಾಡಿಯ ಮೇಲೆ ಒಂದು ಸಾಲ ಇದೆ. ಮೂರು ಕಾಗದಗಳಲ್ಲಿ ಮೂರು ಪದ: ‘ಮಾರ್ಗೇಜ್’, ‘ಪ್ಲೆಡ್ಜ್’, ‘ಹೈಪಾಥಿಕೇಶನ್’. ಮಗಳ ಪದಪಟ್ಟಿಯಲ್ಲಿ ನೋಡಿದರೆ ಮೂರಕ್ಕೂ ‘ಅಡಮಾನ’ ಎಂದೇ ಇದೆ. ಮೂರೂ ಒಂದೇ ಆಗಿದ್ದರೆ ಬ್ಯಾಂಕಿನವರು ಮೂರು ಪದವನ್ನು ಏಕೆ ಬರೆಯುತ್ತಾರೆ?

ಬ್ಯಾಂಕಿನಲ್ಲಿದ್ದವನು, ಸಾಗರ

ಮೂರೂ ಒಂದೇ ಅಲ್ಲ. ವ್ಯತ್ಯಾಸ ಇರುವುದು ಎರಡು ಪ್ರಶ್ನೆಗಳಲ್ಲಿ: ಸಾಲಕ್ಕೆ ಆಧಾರವಾದ ಸ್ವತ್ತು ಸ್ಥಿರವೋ ಚರವೋ, ಮತ್ತು ಅದು ಈಗ ಯಾರ ಕೈಯಲ್ಲಿದೆ.

‘ಮಾರ್ಗೇಜ್’ ಎನ್ನುವುದು ಜಮೀನು, ಮನೆ, ತೋಟದಂತಹ ಸ್ಥಿರಾಸ್ತಿಗೆ ಮಾತ್ರ ಸಲ್ಲುವ ಪದ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಕಲಂ ಅದನ್ನು ವಿವರಿಸುತ್ತದೆ. ತೋಟ ನಿಮ್ಮ ಸ್ವಾಧೀನದಲ್ಲೇ ಇರುತ್ತದೆ, ಅಡಿಕೆಯ ಕೊನೆ ಕೊಯ್ಯುವವರೂ ನೀವೇ, ಆದರೆ ಆ ತೋಟದಲ್ಲಿನ ಒಂದು ಹಕ್ಕನ್ನು ಸಾಲದ ಭದ್ರತೆಗಾಗಿ ಬ್ಯಾಂಕಿಗೆ ವರ್ಗಾಯಿಸಿರುತ್ತೀರಿ. ಪದದ ನಡುವಿನ ಟ ಕಾರ ಉಚ್ಚಾರದಲ್ಲಿ ಬರುವುದಿಲ್ಲ, ನಮ್ಮ ನಾಟಾ ‘ಡಿಪೋ’ದ ಕೊನೆಯ ಟ ಕಾರದಂತೆಯೇ, ಬರೆಯುವಾಗ ಮಾತ್ರ ಬಿಡಬಾರದು. ಹಳೆಯ ಫ್ರೆಂಚಿನಲ್ಲಿ ಈ ಪದಕ್ಕೆ ‘ಸತ್ತ ಒತ್ತೆ’ ಎಂಬ ಅರ್ಥವಿತ್ತು.

‘ಪ್ಲೆಡ್ಜ್’ ಎಂದರೆ ನಮ್ಮ ಒತ್ತೆ ಅಥವಾ ಗಿರವಿ. 1872ರ ಕರಾರು ಕಾಯ್ದೆಯ 172ನೇ ಕಲಂ ಹೇಳುವಂತೆ, ಸಾಲದ ತೀರುವಳಿಗೆ ಭದ್ರತೆಯಾಗಿ ಸರಕನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸಿದರೆ ಅದು ಪ್ಲೆಡ್ಜ್. ಒಡವೆ ಸಾಲ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ನಿಮ್ಮ ರಾಶಿ ಅಡಿಕೆಯ ಮೂಟೆಗಳು ಸಾಲ ಕೊಟ್ಟವರ ಗೋದಾಮಿನಲ್ಲಿ ಅವರ ಬೀಗದೊಳಗೆ ಇವೆ ಎಂದರೆ ವಶ ಅವರದು, ಒಡೆತನ ನಿಮ್ಮದು. ಧಾರಣೆ ಏರಿತೆಂದು ನೀವು ನೇರವಾಗಿ ಹೋಗಿ ಎತ್ತಿಕೊಂಡು ಬರುವಂತಿಲ್ಲ.

‘ಹೈಪಾಥಿಕೇಶನ್’ ಚರ ಸ್ವತ್ತಿಗೇ ಸಂಬಂಧಿಸಿದ್ದು, ಆದರೆ ವಶ ನಿಮ್ಮಲ್ಲೇ ಉಳಿಯುತ್ತದೆ. ಪಿಕಪ್ಪನ್ನು ಬ್ಯಾಂಕಿನ ಅಂಗಳದಲ್ಲಿ ನಿಲ್ಲಿಸಿಕೊಂಡರೆ ನೀವು ದುಡಿಯುವುದು ಹೇಗೆ, ಕಂತು ಕಟ್ಟುವುದು ಹೇಗೆ? ಆದ್ದರಿಂದ ಗಾಡಿಯನ್ನು ನೀವು ಓಡಿಸುತ್ತೀರಿ, ಅದರ ಮೇಲಿನ ಭಾರ ಮಾತ್ರ ಬ್ಯಾಂಕಿಗೆ. ಬ್ಯಾಂಕುಗಳ ಸಾಲ ವಸೂಲಿಗೆಂದು ಬಂದ 2002ರ ಸರ್ಫೇಸಿ ಕಾಯ್ದೆಯಲ್ಲಿ ಈ ಪದಕ್ಕೆ ವ್ಯಾಖ್ಯೆಯಿದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ದಾಖಲಾಗಿರುವುದು ಇದೇ ಕಾರಣಕ್ಕೆ. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಎನ್‌ಒಸಿ ಮತ್ತು ಸಹಿಯಾದ ನಮೂನೆ 35 ಪಡೆದು ಆರ್‌ಟಿಒದಲ್ಲಿ ಆ ನಮೂದನ್ನು ತೆಗೆಸಬೇಕು. ಅನೇಕರು ಕೊನೆಯ ಕಂತು ಕಟ್ಟಿದ ಖುಷಿಯಲ್ಲಿ ಇದನ್ನು ಮರೆತುಬಿಡುತ್ತಾರೆ. ಗಾಡಿ ಮಾರುವ ದಿನ ನೆನಪಾಗುತ್ತದೆ.

ಇನ್ನೊಂದು ಪದ ಇದರ ಜೊತೆಗೇ ಬರುತ್ತದೆ. ಸಾಲ ಕೊಟ್ಟವರೇ ಜಮೀನನ್ನು ಸ್ವಾಧೀನದಲ್ಲಿಟ್ಟುಕೊಂಡು ಬಡ್ಡಿಯ ಬದಲು ಫಸಲನ್ನು ಅನುಭವಿಸುವ ಪದ್ಧತಿಗೆ ನಮ್ಮಲ್ಲಿ ‘ಭೋಗ್ಯ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ‘ಯೂಸುಫ್ರಕ್ಚುಯರಿ ಮಾರ್ಗೇಜ್’. ಶಿವಮೊಗ್ಗದ ಬಡಾವಣೆಗಳಲ್ಲಿ ‘ಮನೆ ಲೀಸಿಗಿದೆ’ ಎಂಬ ಫಲಕ ನೇತಾಡುತ್ತದೆಯಲ್ಲ, ಅಲ್ಲಿ ಹೇಳಬೇಕಾಗಿರುವುದು ಬಹುಮಟ್ಟಿಗೆ ಈ ಭೋಗ್ಯವನ್ನೇ: ಇಡಿಗಂಟು ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಇಡಿಗಂಟನ್ನು ವಾಪಸು ಪಡೆಯುವುದು. ಇಂಗ್ಲಿಷಿನ ‘ಲೀಸ್’ಗೆ ಈ ಅರ್ಥವಿಲ್ಲ. ಅವರಿಗೆ ತಿಂಗಳ ಬಾಡಿಗೆ ಕೊಡುವ ಗೇಣಿಯೂ ಲೀಸೇ. ಬೇರೆ ರಾಜ್ಯದವರೊಡನೆ ಮಾತಾಡುವಾಗ ಇದನ್ನು ಬಿಡಿಸಿ ಹೇಳದಿದ್ದರೆ ಜಗಳವಾಗುತ್ತದೆ.

ಪರೀಕ್ಷಾರ್ಥಿ, ಭದ್ರಾವತಿ

ಸರ್, ‘ಹೋಮ್ಲಿ’ ಎಂಬ ಪದಕ್ಕೆ ಒಂದು ಪುಸ್ತಕದಲ್ಲಿ ‘ಗೃಹಕೃತ್ಯದಲ್ಲಿ ನಿಪುಣೆ’ ಎಂದೂ ಇನ್ನೊಂದರಲ್ಲಿ ‘ರೂಪವಿಲ್ಲದ’ ಎಂದೂ ಇದೆ. ಯಾವುದು ಸರಿ?

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಶಿವಮೊಗ್ಗ

ಎರಡೂ ಸರಿ, ದೇಶ ಬೇರೆ. ಅಮೆರಿಕದಲ್ಲಿ ವ್ಯಕ್ತಿಗೆ ಹೇಳಿದರೆ ಲಕ್ಷಣವಿಲ್ಲದವರು ಎಂದು, ಇಂಗ್ಲೆಂಡಿನಲ್ಲಿ ಮನೆಗೋ ಊಟಕ್ಕೋ ಹೇಳಿದರೆ ಸರಳವಾಗಿ ಹಿತವಾಗಿದೆ ಎಂದು, ನಮ್ಮ ವಧುವರರ ಜಾಹೀರಾತಿನಲ್ಲಿ ಮಾತ್ರ ಮನೆವಾರ್ತೆ ಬಲ್ಲವಳು ಎಂದು. ‘ರಿವರ್ಟ್’ ಎಂದರೆ ಮೊದಲಿನ ಸ್ಥಿತಿಗೆ ಮರಳುವುದು. ಕಚೇರಿಯ ಪತ್ರಗಳಲ್ಲಿ ಅದನ್ನು ‘ಉತ್ತರಿಸು’ ಎಂದು ಬಳಸುವುದು ಈ ಕಡೆಯ ರೂಢಿ. ‘ಪ್ರಿಪೋನ್’ ಭಾರತದ ಇಂಗ್ಲಿಷೆಂಬ ಗುರುತಿನೊಡನೆ ನಿಘಂಟುಗಳಲ್ಲಿ ಸೇರಿದೆ, ಅದನ್ನು ಬಳಸಲು ನಾಚಬೇಕಾದ್ದಿಲ್ಲ. ‘ಹೋಟೆಲ್’ ಅಲ್ಲಿ ತಂಗುವ ಜಾಗ, ಇಲ್ಲಿ ದೋಸೆ ತಿನ್ನುವ ಜಾಗ. ಇವುಗಳಲ್ಲಿ ಹೆಚ್ಚಿನ ತತ್ವವೇನೂ ಇಲ್ಲ, ನೆನಪಿಟ್ಟರಾಯಿತು.

ಕೃಷಿ ಪದವೀಧರೆ, ಹೊಸನಗರ

ನನಗೆ ಒಂದೇ ಗದ್ದೆಯಲ್ಲಿ ಎರಡು, ಪಕ್ಕದ ಹೊಳೆಯಲ್ಲಿ ಮೂರನೆಯದೊಂದು ಅರ್ಥ ಕೊಡುವ ಪದ ಸಿಕ್ಕಿದೆ: ‘ಟಿಲ್ಲರ್’.

ಉಳುವವನು ಟಿಲ್ಲರ್. ಇಂಗ್ಲಿಷಿನಲ್ಲಿ ‘ಲ್ಯಾಂಡ್ ಟು ದ ಟಿಲ್ಲರ್’ ಎಂದು ಹೇಳುವ ಭೂಸುಧಾರಣೆಯ ಘೋಷಣೆ ನಮ್ಮಲ್ಲಿ ‘ಉಳುವವನೇ ಹೊಲದೊಡೆಯ’ ಎಂದಾಯಿತು. ಗೇಣಿದಾರರು ನಡೆಸಿದ 1951ರ ಕಾಗೋಡು ಸತ್ಯಾಗ್ರಹದ ನೆಲದವರಿಗೆ ಆ ಮಾತನ್ನು ವಿವರಿಸಬೇಕಾಗಿಲ್ಲ. ಉಳುವವನಿಗಿದ್ದ ಹೆಸರೇ ಉಳುವ ಯಂತ್ರಕ್ಕೂ ಬಂತು, ಆದ್ದರಿಂದ ಪವರ್ ಟಿಲ್ಲರ್.

ಎರಡನೆಯದು ಭತ್ತದ ತೆಂಡೆ. ನಾಟಿ ಮಾಡಿದ ಸಸಿ ಬೇರೂರಿದ ಮೇಲೆ ಬುಡದಿಂದ ಪಕ್ಕಕ್ಕೆ ಹೊಸ ಕುಡಿಗಳು ಒಡೆಯುತ್ತವಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಟಿಲ್ಲರ್, ಆ ಕ್ರಿಯೆಗೆ ‘ಟಿಲ್ಲರಿಂಗ್’. ತೆನೆ ಬಿಡುವ ತೆಂಡೆ ‘ಪ್ರೊಡಕ್ಟಿವ್ ಟಿಲ್ಲರ್’, ತೆನೆ ಬಿಡದೆ ಸೊರಗುವುದು ‘ಅನ್‌ಪ್ರೊಡಕ್ಟಿವ್’. ‘ಶ್ರೀ’ ಎಂಬ ಭತ್ತದ ಬೇಸಾಯ ಪದ್ಧತಿಯಲ್ಲಿ ಎಳೆಯ ಸಸಿಯನ್ನು ಒಂದೊಂದಾಗಿ, ಅಡ್ಡಕ್ಕೂ ಉದ್ದಕ್ಕೂ 25 ಸೆಂಟಿಮೀಟರ್ ಅಂತರ ಕೊಟ್ಟು ನೆಡುವುದರ ಉದ್ದೇಶವೇ ತೆಂಡೆ ಹೆಚ್ಚಲಿ ಎಂಬುದು. ಗೊಬ್ಬರದ ಕರಪತ್ರದಲ್ಲಿ ‘ಆಕ್ಟಿವ್ ಟಿಲ್ಲರಿಂಗ್ ಸ್ಟೇಜ್’ನಲ್ಲಿ ಯೂರಿಯಾ ಮೇಲುಗೊಬ್ಬರ ಕೊಡಿ ಎಂದಿದ್ದರೆ, ತೆಂಡೆ ಭರದಿಂದ ಒಡೆಯುವ ಹೊತ್ತಿನಲ್ಲಿ ಎಂದರ್ಥ. ಟಿಲ್ಲರ್ ಹೊಡೆಯುವಾಗಲೇ ಗೊಬ್ಬರ ಎರಚಿ ಎಂದು ಅದನ್ನು ಓದಿಕೊಂಡು, ನಾಟಿಗೂ ಮೊದಲೇ ಕೆಸರಿಗೆ ಯೂರಿಯಾ ಸುರಿದವರನ್ನು ನಾನು ಬಲ್ಲೆ.

ಮೂರನೆಯದು ದೋಣಿಯ ಚುಕ್ಕಾಣಿಯನ್ನು ತಿರುಗಿಸುವ ಹಿಡಿಕೋಲು. ಮೂರೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರಗಳಲ್ಲಿ ಬರೆಯಲ್ಪಟ್ಟರೂ ಮೂರರ ಮೂಲ ಬೇರೆ ಬೇರೆ. ಉಳುವವನದು ‘ಶ್ರಮಿಸು’ ಎಂಬ ಅರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದ, ತೆಂಡೆಯದು ‘ಕೊಂಬೆ’ ಎಂಬ ಅರ್ಥದ ಇನ್ನೊಂದು ಹಳೆಯ ಇಂಗ್ಲಿಷ್ ಪದ, ದೋಣಿಯದು ನೇಕಾರರ ಮಗ್ಗದ ಕುಂಟೆಗೆ ಹೇಳುತ್ತಿದ್ದ ಫ್ರೆಂಚ್ ಪದ.

ಹಿನ್ನೀರಿನ ದಂಡೆಯವನು, ತುಮರಿ

ದೋಣಿಯ ಮಾತು ಬಂದದ್ದರಿಂದ ನಾನೂ ಸೇರಿಕೊಳ್ಳುತ್ತೇನೆ. ನಮಗೆ ‘ಲಾಂಚ್’ ಎಂದರೆ ಬಸ್ಸು, ಕಾರು, ದನ, ಜನ ಎಲ್ಲವನ್ನೂ ಹೊತ್ತು ಶರಾವತಿ ಹಿನ್ನೀರನ್ನು ದಾಟಿಸುತ್ತಿದ್ದ ತೇಲುಗಾಡಿ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ 2025ರ ಜುಲೈನಲ್ಲಿ ತೆರೆಯುವವರೆಗೆ ಸಾಗರಕ್ಕೆ ಹತ್ತಿರದ ದಾರಿ ಅದೇ ಆಗಿತ್ತು; ಕೊನೆಯ ಲಾಂಚ್ ತಪ್ಪಿದರೆ ದಡದಲ್ಲೇ ಬೆಳಗು ಮಾಡಬೇಕಿತ್ತು. ನಿಘಂಟಿನ ಪ್ರಕಾರ ಲಾಂಚ್ ಎಂದರೆ ಯಂತ್ರದ ಸಣ್ಣ ದೋಣಿ, ನಮ್ಮಲ್ಲಿದ್ದ ಚಪ್ಪಟೆ ತಳದ ದೊಡ್ಡದಕ್ಕೆ ‘ಫೆರಿ’ ಅಥವಾ ‘ಬಾರ್ಜ್’ ಎನ್ನಬೇಕು. ರಾಕೆಟ್ಟನ್ನೋ ಹೊಸ ಫೋನನ್ನೋ ಲಾಂಚ್ ಮಾಡುವ ಕ್ರಿಯಾಪದ ಬೇರೆಯದೇ ಪದ. ಅದು ಈಟಿಗೆ ಹೇಳುವ ‘ಲಾನ್ಸ್’ನ ನಂಟು, ಎಸೆಯುವುದು ಅದರ ಮೂಲಾರ್ಥ. ದೋಣಿಯ ಲಾಂಚ್ ಸ್ಪೇನ್, ಪೋರ್ಚುಗಲ್ಲಿನ ನಾವಿಕರ ಮಾತಿನಿಂದ ಬಂದದ್ದು.

‘ಬ್ಯಾಕ್‌ವಾಟರ್’ ಬಳಸುವಾಗಲೂ ಎಚ್ಚರ ಬೇಕು. ಅಣೆಕಟ್ಟೆಯ ಹಿಂದೆ ನಿಂತ ನೀರು ಎಂಬುದು ಒಂದರ್ಥ, ಕೇರಳದ ಕಡಲಂಚಿನಲ್ಲಿ ‘ಕಾಯಲು’ ಎನ್ನುವ ನೀರಿನ ಹರವು ಇನ್ನೊಂದು, ಯಾವ ಚಟುವಟಿಕೆಯೂ ಇಲ್ಲದ ಹಿಂದುಳಿದ ಮೂಲೆ ಎಂಬ ಹೀಯಾಳಿಕೆ ಮೂರನೆಯದು. ನಮ್ಮ ಊರನ್ನು ಇಂಗ್ಲಿಷಿನಲ್ಲಿ ‘ಬ್ಯಾಕ್‌ವಾಟರ್ ವಿಲೇಜ್’ ಎಂದು ಬರೆದರೆ ಹೊರಗಿನ ಓದುಗ ಮೂರನೆಯದನ್ನು ಹಿಡಿಯುವ ಅಪಾಯವಿದೆ. ಆ ಅರ್ಥ ನಮಗೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದು ಬೇರೆ ಚರ್ಚೆ.

ಕಾನೂನು ವಿದ್ಯಾರ್ಥಿನಿ, ಶಿವಮೊಗ್ಗ

ತುಮರಿಯವರಿಗೆ ಒಂದು ಪ್ರಶ್ನೆ. ಅಣೆಕಟ್ಟೆಯ ನೀರಿನಲ್ಲಿ ಮನೆ, ಜಮೀನು ಮುಳುಗಡೆಯಾದವರನ್ನು ಇಂಗ್ಲಿಷ್ ಕಾಗದಗಳಲ್ಲಿ ಏನೆಂದು ಕರೆದಿದ್ದಾರೆ? ‘ಇವ್ಯಾಕ್ಯೂಯಿ’, ‘ಔಸ್ಟಿ’, ‘ಡಿಸ್‌ಪ್ಲೇಸ್ಡ್’, ‘ಅಫೆಕ್ಟೆಡ್’ ಎಂದೆಲ್ಲ ನೋಡಿದ್ದೇನೆ. ಕನ್ನಡದಲ್ಲಿ ಎಲ್ಲಕ್ಕೂ ‘ಸಂತ್ರಸ್ತ’ ಎಂದೇ ಬರೆಯುತ್ತೇವೆ.

ಹಿನ್ನೀರಿನ ದಂಡೆಯವನು, ತುಮರಿ

ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿಯಿತು. ನಮ್ಮ ಹಿರಿಯರು ತಮ್ಮನ್ನು ‘ಮುಳುಗಡೆಯವರು’ ಎಂದೇ ಹೇಳಿಕೊಂಡರು. ನಮ್ಮ ಮನೆಯ ಟ್ರಂಕಿನಲ್ಲಿರುವ ಟೈಪು ಮಾಡಿದ ಒಂದು ಹಳದಿ ಕಾಗದದಲ್ಲಿ ಅಜ್ಜನ ಹೆಸರಿನ ಮುಂದೆ ‘ಇವ್ಯಾಕ್ಯೂಯಿ’ ಎಂದಿದೆ. ಅದರ ಕಾನೂನಿನ ಅರ್ಥವನ್ನು ಬಲ್ಲವರು ಹೇಳಲಿ.

ವಕೀಲರು, ಸೊರಬ

ಈ ನಾಲ್ಕು ಪದಗಳ ಭೇದವನ್ನು ಬಲ್ಲವರಿಗೆ ಪರಿಹಾರದ ಅರ್ಜಿಯನ್ನು ಓದುವ ಕಣ್ಣೇ ಬೇರೆಯಾಗುತ್ತದೆ.

‘ಇವ್ಯಾಕ್ಯೂಯಿ’ ಅಪಾಯದಿಂದ ಪಾರಾಗಲು ಜಾಗ ತೆರವು ಮಾಡಿದವನು. ‘ಬರಿದು’ ಎಂಬರ್ಥದ ಲ್ಯಾಟಿನ್ ಬೇರು ಅದರೊಳಗಿದೆ. ನಮ್ಮ ದೇಶದ ಕಾನೂನಿನಲ್ಲಿ ಈ ಪದ ಹೆಚ್ಚಾಗಿ ಕಾಣುವುದು ದೇಶ ವಿಭಜನೆಯ ಸಂದರ್ಭದಲ್ಲಿ, ಬಿಟ್ಟುಹೋದವರ ಆಸ್ತಿಯ ಆಡಳಿತಕ್ಕೆಂದು 1950ರಲ್ಲಿ ಬಂದ ಕಾಯ್ದೆಯಲ್ಲಿ. ಮುಳುಗಡೆಯವರಿಗೆ ಅದು ಹೊಂದುವ ಪದವೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಅವರು ಅಪಾಯಕ್ಕೆ ಹೆದರಿ ಹೊರಟವರಲ್ಲ, ಸರ್ಕಾರ ನೀರು ನಿಲ್ಲಿಸುತ್ತೇನೆಂದದ್ದಕ್ಕೆ ಹೊರಟವರು. ‘ಔಸ್ಟಿ’ ಹೊರದೂಡಲ್ಪಟ್ಟವನು, ಭಾರತದ ಅಣೆಕಟ್ಟೆಗಳ ಕಡತದಲ್ಲಿ ಬೆಳೆದ ಪದ. 1979ರ ನರ್ಮದಾ ಜಲವಿವಾದ ನ್ಯಾಯಮಂಡಳಿಯ ತೀರ್ಪು ಅದನ್ನು ವ್ಯಾಖ್ಯಾನಿಸಿಯೇ ಬಳಸಿತು. ನಾಲ್ಕರಲ್ಲಿ ನಡೆದದ್ದನ್ನು ನೇರವಾಗಿ ಹೇಳುವ ಪದ ಅದೊಂದೇ.

ಈಗಿನ ಕಾಗದಗಳಲ್ಲಿ ಕೆಲಸಕ್ಕೆ ಬರುವವು ಉಳಿದೆರಡು. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ‘ಡಿಸ್‌ಪ್ಲೇಸ್ಡ್ ಫ್ಯಾಮಿಲಿ’ ಎಂದರೆ ಸ್ವಾಧೀನದ ಕಾರಣಕ್ಕೆ ಜಾಗ ಬಿಟ್ಟು ಬೇರೆಡೆ ನೆಲೆಸಬೇಕಾದ ಕುಟುಂಬ. ‘ಅಫೆಕ್ಟೆಡ್ ಫ್ಯಾಮಿಲಿ’ ಅದಕ್ಕಿಂತ ಅಗಲವಾದದ್ದು: ಸ್ವಂತ ಜಮೀನು ಇಲ್ಲದಿದ್ದರೂ ಅಲ್ಲಿ ಕೂಲಿಯಿಂದಲೋ ಗೇಣಿಯಿಂದಲೋ ಜೀವನ ಸಾಗಿಸುತ್ತಿದ್ದು, ಆ ದುಡಿಮೆ ಕೆಟ್ಟವರೂ ಕಾಯ್ದೆಯ ಷರತ್ತುಗಳಂತೆ ಅದರಲ್ಲಿ ಸೇರುತ್ತಾರೆ. ಎರಡನ್ನೂ ‘ಸಂತ್ರಸ್ತ’ ಎಂದು ಓದಿದರೆ ಯಾರಿಗೆ ಏನು ಸಲ್ಲುತ್ತದೆ ಎಂಬುದೇ ತಿಳಿಯದೆ ಹೋಗುತ್ತದೆ.

ಇದರ ಜೊತೆಗೆ ‘ಕಾಂಪೆನ್ಸೇಷನ್’ ಸ್ವತ್ತಿನ ಮೌಲ್ಯಕ್ಕೆ ಸಲ್ಲಬೇಕಾದ ಪರಿಹಾರ; ‘ಸೊಲೇಷಿಯಂ’ ಒಪ್ಪಿಗೆಯಿಲ್ಲದೆ ಸ್ವತ್ತು ಕಳೆದುಕೊಂಡದ್ದಕ್ಕೆ ಅದರ ಮೇಲೆ ಕೊಡುವ ಸಾಂತ್ವನದ ಮೊತ್ತ, ಹಳೆಯ ಭೂಸ್ವಾಧೀನ ಕಾಯ್ದೆಯ 1984ರ ತಿದ್ದುಪಡಿಯ ನಂತರ ಶೇಕಡಾ 30 ಇದ್ದದ್ದು 2013ರ ಕಾಯ್ದೆಯಲ್ಲಿ ಶೇಕಡಾ 100 ಆಯಿತು. ‘ಎಕ್ಸ್ ಗ್ರೇಷಿಯಾ’ ಇವೆರಡೂ ಅಲ್ಲ. ಕಾನೂನಿನ ಹೊಣೆಯನ್ನು ಒಪ್ಪದೆ ದಯೆಯಿಂದ ಕೊಡುವ ಹಣ. ಮಳೆಗೆ ಗೋಡೆ ಕುಸಿದಾಗ ಸಚಿವರು ಘೋಷಿಸುವುದನ್ನೂ ಪತ್ರಿಕೆಗಳು ‘ಪರಿಹಾರ’ವೆಂದೇ ಬರೆಯುತ್ತವೆ.

ಪರೀಕ್ಷಾರ್ಥಿ, ಭದ್ರಾವತಿ

ಒಂದು ಆಕ್ಷೇಪವಿದೆ. ಪದದ ಬೇರು ಲ್ಯಾಟಿನ್ನೋ ಫ್ರೆಂಚೋ ಎಂದು ತಿಳಿದು ನಮಗೇನು ಪ್ರಯೋಜನ? ಪರೀಕ್ಷೆಯಲ್ಲಿ ನೂರು ಪ್ರಶ್ನೆಗೆ ಒಂದು ಗಂಟೆ ಕೊಡುತ್ತಾರೆ.

ಆಯುರ್ವೇದ ವೈದ್ಯೆ, ಕೊಪ್ಪ

ಈ ತಮ್ಮ ಹೇಳುವುದರಲ್ಲಿ ಅರ್ಧ ಸತ್ಯವಿದೆ ಎಂಬುದಕ್ಕೆ ‘ಜಂಗಲ್’ ಸಾಕ್ಷಿ. ಅದು ಇಂಗ್ಲಿಷಿಗೆ ಹೋದದ್ದು ನಮ್ಮ ದೇಶದಿಂದಲೇ, ಬೇರು ಸಂಸ್ಕೃತದ ‘ಜಾಂಗಲ’. ಆದರೆ ಚರಕ, ಸುಶ್ರುತರ ಪ್ರಕಾರ ಜಾಂಗಲ ದೇಶ ಎಂದರೆ ಮಳೆ ಕಡಿಮೆ, ಮರ ವಿರಳ, ಗಾಳಿ ಬಿಸಿಲು ಹೆಚ್ಚಾಗಿರುವ ಒಣ ಬಯಲು. ನೀರು, ನೆರಳು, ತಂಪು ತುಂಬಿದ ಪ್ರದೇಶ ‘ಆನೂಪ’. ಅಂದರೆ ಇಂಗ್ಲಿಷಿನವನು ಆಗುಂಬೆಯ ಘಟ್ಟವನ್ನು ನೋಡಿ ‘ಜಂಗಲ್’ ಎಂದಾಗ, ನಮ್ಮ ಶಾಸ್ತ್ರದ ಪ್ರಕಾರ ಅದು ಜಾಂಗಲಕ್ಕೆ ನೇರ ವಿರುದ್ಧವಾದ ಆನೂಪ. ಬೇರನ್ನು ಹಿಡಿದು ಇಂದಿನ ಅರ್ಥವನ್ನು ಊಹಿಸಹೊರಟರೆ ದಾರಿ ತಪ್ಪುತ್ತದೆ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಶಿವಮೊಗ್ಗ

ವೈದ್ಯರ ಉದಾಹರಣೆ ಚೆನ್ನಾಗಿದೆ. ಬೇರು ನೆನಪಿಗೆ ಊರುಗೋಲು, ಅರ್ಥಕ್ಕೆ ಪ್ರಮಾಣವಲ್ಲ; ಪ್ರಮಾಣ ಬಳಕೆಯೇ. ಭದ್ರಾವತಿಯ ಮಿತ್ರರು ಸಮಯವಿಲ್ಲದಿದ್ದರೆ ಬೇರನ್ನು ಬಿಡಲಿ, ವಾಕ್ಯವನ್ನು ಬಿಡಬಾರದು.

ನಮ್ಮ ಸೀಮೆಯಿಂದ ಶಾಸ್ತ್ರದ ಭಾಷೆಗೆ ಹೋದ ಪದಗಳೂ ಇವೆ. ಅಡಿಕೆಯ ‘ಕೊಳೆರೋಗ’ ಅದೇ ಹೆಸರಿನಿಂದ ಇಂಗ್ಲಿಷ್ ಸಸ್ಯರೋಗಶಾಸ್ತ್ರದಲ್ಲಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ 1910ರಲ್ಲಿ ಅದರ ಬಗ್ಗೆ ವರದಿ ಬರೆದರು. ಕಾಳಿಂಗ ಸರ್ಪವನ್ನು 2024ರಲ್ಲಿ ನಾಲ್ಕು ಪ್ರಭೇದಗಳಾಗಿ ವಿಂಗಡಿಸಿದಾಗ ಪಶ್ಚಿಮ ಘಟ್ಟದ ಪ್ರಭೇದಕ್ಕೆ ‘ಒಫಿಯೋಫೇಗಸ್ ಕಾಳಿಂಗ’ ಎಂದೇ ಹೆಸರಾಯಿತು.

ಕಟ್ಟಡ ಗುತ್ತಿಗೆದಾರ, ಸಾಗರ

‘ಲ್ಯಾಟರೈಟ್’ ಕೂಡ ಈ ಘಟ್ಟದ ಸಾಲಿಗೆ ಸೇರಿದ್ದೇ ಅಲ್ಲವೆ? ನಾವು ಜಂಬಿಟ್ಟಿಗೆ ಎನ್ನುವ ಕಲ್ಲು. ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ಪ್ರಕಟಿಸಿದ ಬರಹದಲ್ಲಿ, ಮಲಬಾರಿನ ಅಂಗಾಡಿಪುರದ ಕಡೆ ಕಂಡ ಈ ಕಲ್ಲಿಗೆ ‘ಇಟ್ಟಿಗೆ’ ಎಂಬರ್ಥದ ಲ್ಯಾಟಿನ್ ಪದದಿಂದ ಆ ಹೆಸರು ಕಟ್ಟಿದ. ಕ್ವಾರಿಯಲ್ಲಿ ಕತ್ತರಿಸುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಗುಣವನ್ನು ಅವನೂ ಗಮನಿಸಿದ್ದ. ಎಸ್ಟಿಮೇಟಿನಲ್ಲಿ ‘ಸ್ಟೋನ್ ಮೇಸನ್ರಿ’ ಎಂದಷ್ಟೇ ಬರೆದರೆ ಕಗ್ಗಲ್ಲಿನ ದರ ಹಾಕಿಬಿಡುತ್ತಾರೆ. ‘ಲ್ಯಾಟರೈಟ್ ಬ್ಲಾಕ್ ಮೇಸನ್ರಿ’ ಎಂದು ಬಿಡಿಸಿ ಬರೆಯಬೇಕು.

ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಸೊರಬದ ವಕೀಲರು ಇಲ್ಲಿರುವಾಗಲೇ ಕೇಳಿಬಿಡುತ್ತೇನೆ. ‘ಡೀಮ್ಡ್ ಫಾರೆಸ್ಟ್’ ಎಂಬುದರಲ್ಲಿ ‘ಡೀಮ್ಡ್’ ಏನು? ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟಕ್ಕೂ ಅದಕ್ಕೂ ಏನು ಸಂಬಂಧ?

ವಕೀಲರು, ಸೊರಬ

ಮಲೆನಾಡಿನಲ್ಲಿ ಇಷ್ಟು ಜನರ ನಿದ್ದೆ ಕೆಡಿಸಿದ ಇಂಗ್ಲಿಷ್ ಕ್ರಿಯಾಪದ ಇನ್ನೊಂದಿಲ್ಲ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ‘ಫಾರೆಸ್ಟ್’. ನಮಗೆ ಕಾಡು ಎಂದರೆ ಮರಗಳಿರುವ ಜಾಗ. ಇಂಗ್ಲೆಂಡಿನಲ್ಲಿ ಈ ಪದ ಮೊದಲಿಗೆ ರಾಜನ ಬೇಟೆಗೆ ಮೀಸಲಾಗಿಟ್ಟು ಬೇರೆ ಕಟ್ಟಳೆಗೆ ಒಳಪಡಿಸಿದ ಪ್ರದೇಶದ ಹೆಸರು; ಅದರೊಳಗೆ ಹುಲ್ಲುಗಾವಲೂ ಬಯಲೂ ಇರಬಹುದಿತ್ತು. ನಮ್ಮ 1927ರ ಅರಣ್ಯ ಕಾಯ್ದೆ ರಿಸರ್ವ್ ಫಾರೆಸ್ಟ್ ಮಾಡುವ ವಿಧಾನವನ್ನು ಹೇಳುತ್ತದೆಯೇ ಹೊರತು ಫಾರೆಸ್ಟ್ ಎಂದರೇನು ಎಂದು ವ್ಯಾಖ್ಯಾನಿಸುವುದಿಲ್ಲ. ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು, ಈ ಪದವನ್ನು ಅದರ ನಿಘಂಟಿನ ಅರ್ಥದಂತೆ ತಿಳಿಯಬೇಕು, ಒಡೆತನ ಯಾರದೇ ಆಗಿರಲಿ, ಜೊತೆಗೆ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ನಮೂದಾದ ಪ್ರದೇಶವೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆಗೆ ಒಳಪಡುತ್ತದೆ ಎಂದಿತು. ಪದಪಟ್ಟಿಯನ್ನು ಉಪೇಕ್ಷಿಸುವವರು ಇದನ್ನು ಗಮನಿಸಬೇಕು: ಒಂದು ನಿಘಂಟಿನ ಅರ್ಥದ ಮೇಲೆ ಲಕ್ಷಾಂತರ ಹೆಕ್ಟೇರುಗಳ ಹಣೆಬರಹ ನಿಂತಿತು. ಆ ಆದೇಶದಂತೆ ರಾಜ್ಯಗಳು ತಜ್ಞರ ಸಮಿತಿ ಮಾಡಿ ಅಂತಹ ಪ್ರದೇಶಗಳನ್ನು ಗುರುತಿಸಬೇಕಾಯಿತು. ಅಧಿಸೂಚನೆಯಾಗದಿದ್ದರೂ ಅರಣ್ಯವೆಂದು ಹೀಗೆ ಗುರುತಿಸಿದ ಪ್ರದೇಶಕ್ಕೆ ಆಡಳಿತದ ಬಾಯಲ್ಲಿ ‘ಡೀಮ್ಡ್ ಫಾರೆಸ್ಟ್’, ಕನ್ನಡದಲ್ಲಿ ‘ಪರಿಭಾವಿತ ಅರಣ್ಯ’ ಎಂಬ ಹೆಸರು ನಿಂತಿತು.

‘ಡೀಮ್’ ಎಂದರೆ ತೀರ್ಮಾನಿಸು, ಪರಿಗಣಿಸು. ಕಾನೂನಿನಲ್ಲಿ ಇದರ ಕೆಲಸ ವಿಶಿಷ್ಟವಾದದ್ದು. ಒಂದು ವಸ್ತು ನಿಜವಾಗಿ ಅದಾಗಿಲ್ಲದಿದ್ದರೂ, ಕಾನೂನಿನ ಉದ್ದೇಶಕ್ಕೆ ಅದೇ ಆಗಿದೆ ಎಂದು ಇಟ್ಟುಕೊಳ್ಳಿ ಎನ್ನುವುದು. ‘ಡೀಮ್ಡ್ ಯೂನಿವರ್ಸಿಟಿ’ ಶಾಸನದಿಂದ ಹುಟ್ಟಿದ ವಿಶ್ವವಿದ್ಯಾಲಯವಲ್ಲ; 1956ರ ಯುಜಿಸಿ ಕಾಯ್ದೆಯ 3ನೇ ಕಲಮಿನಂತೆ ವಿಶ್ವವಿದ್ಯಾಲಯವೆಂದು ಪರಿಗಣಿಸಲ್ಪಟ್ಟ ಸಂಸ್ಥೆ. ‘ಸೀಮ್ಡ್’ ಎಂದರೆ ಹಾಗೆ ತೋರಿತು ಎಂದಷ್ಟೇ, ‘ಡೀಮ್ಡ್’ ಎಂದರೆ ಹಾಗೆಂದು ಗಣಿಸಲಾಗಿದೆ. ಮೊದಲನೆಯದನ್ನು ವಾದಿಸಿ ಅಲ್ಲಗಳೆಯಬಹುದು, ಎರಡನೆಯದನ್ನು ಗಣಿಸಿದವರಿಂದಲೇ ತೆಗೆಸಬೇಕು.

ಸೊಪ್ಪಿನಬೆಟ್ಟದ ವಿಷಯದಲ್ಲಿ ಗಮನಿಸಬೇಕಾದ ಪದ ‘ಪ್ರಿವಿಲೇಜ್’. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ, ಕೊಡಗಿನ ಬಾಣೆ ಎಂಬ ಜಮೀನುಗಳ ಜೊತೆಗೆ ಹಳೆ ಮೈಸೂರು ಭಾಗದ ಕಾನು ಮತ್ತು ಸೊಪ್ಪಿನಬೆಟ್ಟಗಳ ಪ್ರಸ್ತಾಪವಿದೆ. ಅಲ್ಲಿ ಬಳಸಿರುವುದು ‘ರೈಟ್’ ಅಲ್ಲ, ‘ಪ್ರಿವಿಲೇಜ್’. ತೋಟಕ್ಕೆ ಸೊಪ್ಪು, ದರಗು (ಉದುರಿದ ಒಣ ಎಲೆ) ತರುವ ಸವಲತ್ತು ನಿಮಗಿದೆ, ನೆಲದ ಒಡೆತನ ಸರ್ಕಾರದ್ದು. ಎರಡಕ್ಕೂ ಕನ್ನಡದಲ್ಲಿ ‘ಹಕ್ಕು’ ಎಂದೇ ಮಾತಾಡಿಕೊಳ್ಳುವುದರಿಂದ, ತಲೆಮಾರಿನಿಂದ ದರಗು ಗುಡಿಸಿದ ಬೆಟ್ಟ ತಮ್ಮದೇ ಎಂಬ ನಂಬಿಕೆ ಗಟ್ಟಿಯಾಗಿದೆ. ಬೇಲಿ ಹಾಕಿ ಅಡಿಕೆ ಸಸಿ ನೆಟ್ಟರೆ ಅದಕ್ಕೆ ಇಂಗ್ಲಿಷಿನಲ್ಲಿ ‘ಎನ್‌ಕ್ರೋಚ್‌ಮೆಂಟ್’ ಎಂಬ ನೋಟಿಸು ಬರುತ್ತದೆ.

ಕಾಲೇಜು ವಿದ್ಯಾರ್ಥಿ, ಶೃಂಗೇರಿ

ಇಷ್ಟು ಭಾರದ ಚರ್ಚೆಯ ನಡುವೆ ಸಣ್ಣ ಪ್ರಶ್ನೆ. ‘ಪೆಟ್ರಿಕೋರ್’ ಎಂದರೆ ಮಳೆಯ ವಾಸನೆ ಎಂದು ಎಲ್ಲರೂ ಬರೆಯುತ್ತಾರೆ. ನಮ್ಮ ಆಷಾಢದ ಮಳೆಗೆ ಬಳಸಬಹುದೆ?

ಕೃಷಿ ಪದವೀಧರೆ, ಹೊಸನಗರ

ಬಳಸಬಾರದು. 1964ರಲ್ಲಿ ಆಸ್ಟ್ರೇಲಿಯದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಕಟ್ಟಿದ ಈ ಪದ ಒಣಗಿದ ನೆಲದ ಮೇಲೆ ಬಿದ್ದ ಮಳೆಯ ಕಂಪಿಗೆ ಮಾತ್ರ ಸಲ್ಲುತ್ತದೆ. ಬೇಸಿಗೆಯಲ್ಲಿ ಗಿಡಗಳಿಂದ ಬಂದ ಎಣ್ಣೆಯ ಅಂಶ ಮಣ್ಣು, ಕಲ್ಲುಗಳಲ್ಲಿ ಕೂಡಿಕೊಂಡಿರಬೇಕು. ಏಪ್ರಿಲ್ಲಿನ ಮೊದಲ ಗುಡುಗು ಮಳೆಗೆ ಪೆಟ್ರಿಕೋರ್ ಎನ್ನಿ. ಆಷಾಢದಲ್ಲಿ ನಮ್ಮ ನೆಲ ಒಣಗುವುದೇ ಇಲ್ಲ, ಆಗ ಮೂಗಿಗೆ ಬರುವುದು ಬೂಸ್ಟಿನ ವಾಸನೆ; ಅದಕ್ಕೆ ‘ಮಸ್ಟಿ’ ಎಂಬ ಬೇರೆ ಪದವಿದೆ.

ಕಾನೂನು ವಿದ್ಯಾರ್ಥಿನಿ, ಶಿವಮೊಗ್ಗ

‘ಓವರ್‌ಸೈಟ್’ ಕೂಡ ಮೇಷ್ಟ್ರ ಸ್ಯಾಂಕ್ಷನ್ ಜಾತಿಗೆ ಸೇರಿದ್ದಲ್ಲವೆ? ‘ಓವರ್‌ಸೈಟ್ ಕಮಿಟಿ’ ಮೇಲ್ವಿಚಾರಣೆಗೆ. ‘ಡ್ಯೂ ಟು ಓವರ್‌ಸೈಟ್’ ಎಂದು ಕಚೇರಿಯವರು ಬರೆದರೆ ಕಣ್ತಪ್ಪಿನಿಂದ ಎಂದರ್ಥ. ವಕೀಲರಿಗೆ ಕೊನೆಯದಾಗಿ ಇನ್ನೊಂದು ಪ್ರಶ್ನೆ: ಪರಿಹಾರದ ರಸೀದಿಗಳಲ್ಲಿ ‘ಅಂಡರ್ ಪ್ರೊಟೆಸ್ಟ್’ ಎಂದು ಕೆಲವರು ಕೈಯಲ್ಲಿ ಬರೆಯುವುದನ್ನು ನೋಡಿದ್ದೇನೆ. ಪದಪಟ್ಟಿಯಲ್ಲಿ ‘ಪ್ರೊಟೆಸ್ಟ್’ಗೆ ಪ್ರತಿಭಟನೆ ಎಂದಿದೆ.

ವಕೀಲರು, ಸೊರಬ

ಓವರ್‌ಸೈಟ್ ವಿಷಯ ಸರಿಯಾಗಿದೆ. ‘ಅಂಡರ್ ಪ್ರೊಟೆಸ್ಟ್’ ಎಂಬಲ್ಲಿ ಬಾವುಟವೂ ಇಲ್ಲ, ಘೋಷಣೆಯೂ ಇಲ್ಲ. ‘ಹಣವನ್ನು ತೆಗೆದುಕೊಳ್ಳುತ್ತಿದ್ದೇನೆ, ಮೊತ್ತ ಸಾಲದೆಂಬ ಆಕ್ಷೇಪವನ್ನು ಉಳಿಸಿಕೊಂಡಿದ್ದೇನೆ’ ಎಂದರ್ಥ. 1894ರ ಹಳೆಯ ಕಾಯ್ದೆಯ 31ನೇ ಕಲಮಿನಲ್ಲಿದ್ದ ಈ ಮಾತು 2013ರ ಕಾಯ್ದೆಯ 77ನೇ ಕಲಮಿನಲ್ಲಿಯೂ ಇದೆ. ಆಕ್ಷೇಪವಿಲ್ಲದೆ ಹಣ ಪಡೆದವರು ಹೆಚ್ಚಿನ ಪರಿಹಾರಕ್ಕಾಗಿ 64ನೇ ಕಲಮಿನಡಿ ಅರ್ಜಿ ಹಾಕುವಂತಿಲ್ಲ. ಆದ್ದರಿಂದ ನೋಟಿಸು ಬಂದವರು ಮೊತ್ತ ಕಡಿಮೆಯೆಂದು ಹಣವನ್ನು ತಿರಸ್ಕರಿಸಿ ಬರುವುದೂ ಬೇಡ, ಸುಮ್ಮನೆ ಸಹಿ ಹಾಕುವುದೂ ಬೇಡ. ರಸೀದಿಗೆ ಸಹಿ ಮಾಡುವಾಗಲೇ ಹೆಸರಿನ ಮೇಲೆ ಆ ಎರಡು ಪದಗಳನ್ನು ಬರೆದು, ಬರೆದ ಪ್ರತಿಯ ಫೋಟೋ ತೆಗೆದುಕೊಂಡು, 64ನೇ ಕಲಮಿನ ಅರ್ಜಿಯ ಗಡುವನ್ನು ಅಂದೇ ವಿಚಾರಿಸಿಕೊಳ್ಳಬೇಕು.